ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ ಮತ್ತು ಎಚ್‌ಡಿ ರೀಮಿಕ್ಸ್: ಬದಲಾದದ್ದು ಚಿತ್ರವೋ, ಕೈಯೋ?

ಕೊಪ್ಪಿಕರ ರಸ್ತೆ (ಹುಬ್ಬಳ್ಳಿ)

ಕಳೆದ ಎರಡು ವಾರ, ರಾತ್ರಿ ಊಟವಾದ ಮೇಲೆ ದಿನಕ್ಕೊಂದು ತಾಸಿನಂತೆ, ಒಂದೇ ಆಟದ ಎರಡು ರೂಪಗಳನ್ನು ಒಂದರ ಬೆನ್ನಿಗೆ ಒಂದರಂತೆ ಆಡಿದ್ದೇನೆ. ಇಬ್ಬರು ಎದುರುಬದುರಾಗಿ ಹೊಡೆದಾಡುವ ವಿಡಿಯೊ ಆಟ ಅದು. ಮೊದಲನೆಯದು ಜಪಾನಿನ ಕ್ಯಾಪ್ಕಾಮ್ ಕಂಪನಿ 1994ರಲ್ಲಿ ಆರ್ಕೇಡ್ ಯಂತ್ರಗಳಿಗೆ, ಅಂದರೆ ಅಂಗಡಿಗಳಲ್ಲಿ ನಾಣ್ಯ ಹಾಕಿ ಆಡುವ ಪೆಟ್ಟಿಗೆಗಳಿಗೆ, ಕೊಟ್ಟ ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ. ಅದು 2018ರ 30ನೇ ವಾರ್ಷಿಕೋತ್ಸವದ ಸಂಗ್ರಹದಲ್ಲಿದೆ. ಎರಡನೆಯದು ಅದೇ ಆಟಕ್ಕೆ ಹೊಸ ಚಿತ್ರ ಬರೆಸಿ, ಹೊಸ ಸಂಗೀತ ಹಾಕಿಸಿ, 2008ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ಕ್ಕೆ ತಂದ ಎಚ್‌ಡಿ ರೀಮಿಕ್ಸ್.

ಈ ಸರಣಿಯ ಹೆಸರುಗಳೇ ತಲೆ ತಿರುಗಿಸುವಂಥವು ಆದ್ದರಿಂದ ಹೊಸಬರಿಗಾಗಿ ಒಂದು ಮಾತು. 1991ರಲ್ಲಿ ನಾವು ಆಡಬಲ್ಲ ಎಂಟು ಪಾತ್ರಗಳೊಂದಿಗೆ ಸ್ಟ್ರೀಟ್ ಫೈಟರ್ 2 ಬಂದಿತು. 1992ರ ಚಾಂಪಿಯನ್ ಎಡಿಷನ್‌ನಲ್ಲಿ ಕೊನೆಯ ನಾಲ್ವರು ಎದುರಾಳಿಗಳೂ ನಮ್ಮ ಕೈಗೆ ಸಿಕ್ಕರು. ಅದೇ ವರ್ಷದ ಕೊನೆಗೆ ವೇಗ ಹೆಚ್ಚಿಸಿದ ಹೈಪರ್ ಫೈಟಿಂಗ್, 1993ರಲ್ಲಿ ಕ್ಯಾಮಿ, ಫೇ ಲಾಂಗ್, ಡೀ ಜೇ ಮತ್ತು ಟಿ. ಹಾಕ್ ಸೇರಿದ ಸೂಪರ್, ಅದರ ಮರುವರ್ಷ ಈ ಟರ್ಬೊ. ಸೂಪರ್ ಕಾಂಬೊ ಎಂಬ ದೊಡ್ಡ ಹೊಡೆತ, ಎತ್ತಿ ಒಗೆದಾಗ ಅರ್ಧ ಪೆಟ್ಟಿನಲ್ಲಿ ಪಾರಾಗುವ ಉಪಾಯ, ಮತ್ತು ಅಕುಮಾ ಎಂಬ ಅಡಗಿ ಕುಳಿತ ಪಾತ್ರ, ಈ ಮೂರೂ ಸೇರಿದ್ದು ಇಲ್ಲಿಯೇ.

ನನ್ನ ಪ್ರಶ್ನೆ ಇಷ್ಟು. ಹೊಸದನ್ನು ನೋಡಿದಾಗ ಕಣ್ಣಿಗೆ ಹಬ್ಬವಾಗಬೇಕಿತ್ತು. ಕೆನಡಾದ ಉಡಾನ್ ಸಂಸ್ಥೆಯ ಕಲಾವಿದರು ಒಂದೊಂದು ಭಂಗಿಯನ್ನೂ ಹೊಸದಾಗಿ ಬರೆದಿದ್ದಾರೆ, ಗೈಲ್ ಎಂಬ ಪಾತ್ರದ ತೋಳಿನ ನರಗಳು ಸಹ ಕಾಣುತ್ತವೆ. ಆದರೂ ಅರ್ಧ ತಾಸಿನಲ್ಲಿಯೇ ನನಗೆ ಏನೋ ಕಸಿವಿಸಿಯಾಗಿ ಹಳೆಯದಕ್ಕೆ ಮರಳುತ್ತೇನೆ. ಇದು ಬರಿಯ ಹಳೆಯ ಮೋಹವೋ, ಅಥವಾ ಆಟದೊಳಗೇ ಇರುವ ಕಾರಣವೋ?

ಸಪ್ತಾಪುರ ಬಾವಿ (ಧಾರವಾಡ)

ಕೊಪ್ಪಿಕರ ರಸ್ತೆಯವರೇ, ಕಾರಣ ಆಟದೊಳಗೇ ಇದೆ ಎಂದು ನನಗನ್ನಿಸುತ್ತದೆ. ನಾನು ಚಿತ್ರಕಲೆ ಕಲಿಸುವವಳು, ಆದ್ದರಿಂದ ಮೊದಲು ಚಿತ್ರದ ವಿಷಯ ಹೇಳುತ್ತೇನೆ.

ಮೂಲ ಆಟದ ಪರದೆ 384 ಬಿಂದು (ಪಿಕ್ಸೆಲ್) ಅಗಲ, 224 ಬಿಂದು ಎತ್ತರದ್ದು. ಅಷ್ಟು ಚಿಕ್ಕ ಜಾಗದಲ್ಲಿ ಕಲಾವಿದ ಮುಷ್ಟಿಯನ್ನು ಬರೆಯುವುದಿಲ್ಲ, ಮುಷ್ಟಿಯ ಸುಳಿವನ್ನು ಮಾತ್ರ ಇಡುತ್ತಾನೆ. ಉಳಿದದ್ದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಒಂದು ಒದೆತಕ್ಕೆ ಮೂರೋ ನಾಲ್ಕೋ ಚಿತ್ರಗಳಿದ್ದರೂ ಆ ಮಸುಕಿನಿಂದಾಗಿ ಚಲನೆ ಸರಾಗವಾಗಿ ಕಂಡಿತು. ಎಚ್‌ಡಿ ರೀಮಿಕ್ಸ್‌ನಲ್ಲಿ ಚಿತ್ರಗಳ ಗಾತ್ರ ಹೆಚ್ಚಿತು, ಸ್ಪಷ್ಟತೆ ಹೆಚ್ಚಿತು, ಚಿತ್ರಗಳ ಸಂಖ್ಯೆ ಮಾತ್ರ ಹೆಚ್ಚಲಿಲ್ಲ. ಹೆಚ್ಚಿಸುವಂತೆಯೂ ಇರಲಿಲ್ಲ, ಏಕೆಂದರೆ ಪ್ರತಿ ಹೊಡೆತದ ಕಾಲಮಾನ ಆ ಚಿತ್ರಗಳಿಗೆ ಗಂಟು ಬಿದ್ದಿದೆ. ಹೀಗಾಗಿ ಅಚ್ಚುಕಟ್ಟಾಗಿ ಬರೆದ ಆಳೊಬ್ಬ ಒಂದು ಭಂಗಿಯಿಂದ ಇನ್ನೊಂದಕ್ಕೆ ತಟ್ಟನೆ ಜಿಗಿಯುತ್ತಾನೆ. ರೇಖೆ ಎಷ್ಟು ಚೊಕ್ಕಟವೋ ಜಿಗಿತ ಅಷ್ಟೇ ಎದ್ದು ಕಾಣುತ್ತದೆ. ನಿಮ್ಮ ಕಸಿವಿಸಿಯ ಅರ್ಧ ಪಾಲು ಇದೇ.

ಇನ್ನೊಂದು ಸಂಗತಿ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಆಟ ನಿರ್ಧರಿಸುವುದು ಚಿತ್ರ ನೋಡಿ ಅಲ್ಲ, ಚಿತ್ರದ ಮೇಲೆ ಹೊದಿಸಿದ, ನಮಗೆ ಕಾಣದ ಆಯತಗಳನ್ನು ನೋಡಿ. ಇವನ್ನೇ ಹಿಟ್‌ಬಾಕ್ಸ್ ಎನ್ನುವುದು. ಹೊಸ ಚಿತ್ರದ ಕೆಳಗೂ ಬಹುಮಟ್ಟಿಗೆ ಹಳೆಯ ಆಯತಗಳೇ ಇವೆ. ಮಸುಕಾದ ಬೆರಳು ಒಂದಿಷ್ಟು ಆಚೆಗೆ ತಾಗಿದರೆ ಯಾರೂ ಕೇಳುವುದಿಲ್ಲ; ಉಗುರು ಸಹ ಕಾಣುವ ಬೆರಳು ಗಾಳಿಯಲ್ಲಿ ನಿಂತಿದ್ದಾಗಲೇ ಎದುರಾಳಿ ಬಿದ್ದರೆ ಕಣ್ಣು ತಕರಾರು ಮಾಡುತ್ತದೆ.

ಆಟದಲ್ಲಿ ಭಾರತದ ಯೋಗಿಯಾಗಿ ಬರುವ ಧಾಲ್ಸಿಮ್‌ನ ಬಗ್ಗೆ ಬೇರೆಯದೇ ಸಿಟ್ಟಿದೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಗದಗಿನ ಜಾಂಗೀಫ್

ಅಕ್ಕಾ ಅವರು ಹೇಳಿದ್ದು ಕಣ್ಣಿನ ಮಾತು. ನಾನು ಕೈಯ ಮಾತು ಹೇಳುತ್ತೇನೆ, ಏಕೆಂದರೆ ಎಚ್‌ಡಿ ರೀಮಿಕ್ಸ್‌ನ ನಿಜವಾದ ಬದಲಾವಣೆ ಅಲ್ಲಿದೆ, ಮತ್ತು ಅದರ ಬಗ್ಗೆ ಜನ ಸಾಕಷ್ಟು ಜಗಳವಾಡಿಲ್ಲ.

ನನ್ನ ಹೆಸರು ನೋಡಿದರೆ ನಾನು ಯಾರ ಕಡೆಯವನೆಂಬುದು ತಿಳಿಯುತ್ತದೆ. ಆಟದ ಕುಸ್ತಿಪಟು ಜಾಂಗೀಫ್‌ನ ಸ್ಪಿನ್ನಿಂಗ್ ಪೈಲ್‌ಡ್ರೈವರ್ ಎಂಬ ಪಟ್ಟು ಹಳೆಯ ಆಟದಲ್ಲಿ ಕಡ್ಡಿಯನ್ನು (ಜಾಯ್‌ಸ್ಟಿಕ್) ಪೂರ್ತಿ ಒಂದು ಸುತ್ತು ತಿರುಗಿಸಿ ಗುದ್ದಿನ ಬಟನ್ ಒತ್ತಿದರೆ ಬೀಳುವಂಥದ್ದು. ತೊಡಕು ಏನೆಂದರೆ ಆ ಸುತ್ತಿನೊಳಗೆ ಕಡ್ಡಿ ಮೇಲಕ್ಕೂ ಹೋಗಬೇಕು, ಮೇಲಕ್ಕೆ ಹೋದರೆ ಆಳು ನೆಗೆಯುತ್ತಾನೆ. ನೆಗೆಯುವ ಮೊದಲಿನ ಆ ಕೂದಲೆಳೆಯಷ್ಟು ಹೊತ್ತಿನಲ್ಲಿ ಬಟನ್ ಒತ್ತಬೇಕು, ಇಲ್ಲವೇ ಹೊಡೆತ ತಿನ್ನುತ್ತಾ ಬರುತ್ತಿರುವಾಗ, ಅಥವಾ ನೆಗೆದು ಇಳಿಯುತ್ತಿರುವಾಗ, ಸುತ್ತನ್ನು ಮುಚ್ಚಿಟ್ಟುಕೊಳ್ಳಬೇಕು. ನನಗೆ ಇದು ಕೈಗೆ ಹತ್ತಲು ಒಂದು ಬೇಸಿಗೆ ರಜೆ ಪೂರ್ತಿ ಹಿಡಿಯಿತು. ಅಂಗೈಯ ಚರ್ಮ ಸುಲಿದಿತ್ತು.

ಎಚ್‌ಡಿ ರೀಮಿಕ್ಸ್‌ನಲ್ಲಿ ಪಾತ್ರಗಳ ಬಲಾಬಲದ ಹೊಂದಾಣಿಕೆಯ ಹೊಣೆ ಹೊತ್ತಿದ್ದವರು ಡೇವಿಡ್ ಸರ್ಲಿನ್, ಸ್ವತಃ ಪಂದ್ಯಗಳಲ್ಲಿ ಆಡಿದವರು. ಕಷ್ಟ ಇರಬೇಕಾದದ್ದು ಯಾವಾಗ ಏನು ಮಾಡಬೇಕೆಂಬ ತೀರ್ಮಾನದಲ್ಲಿ, ಬೆರಳಿನಲ್ಲಿ ಅಲ್ಲ ಎಂಬುದು ಅವರ ನಿಲುವು. ಅದರಂತೆ ಪೂರ್ತಿ ಸುತ್ತಿನ ಅಗತ್ಯ ತಪ್ಪಿಸಿದರು. ಜಾಂಗೀಫ್ ಬೆಂಕಿಚೆಂಡನ್ನು ಅಳಿಸುವ ಹಸಿರು ಕೈಯ ಹೊಡೆತವನ್ನು ಕಾಲು ಸುತ್ತಿಗೆ ಇಳಿಸಿದರು. ಕ್ಯಾಮಿ, ಫೇ ಲಾಂಗ್, ಟಿ. ಹಾಕ್ ಅವರ ಕಠಿಣ ಪಟ್ಟುಗಳೂ ಸುಲಭವಾದವು.

ನಮ್ಮ ಕಡೆ ಗರಡಿಯಲ್ಲಿ ಬೆಳೆದವರಿಗೆ ಈ ವಾದ ಅರ್ಧ ಮಾತ್ರ ಒಪ್ಪಿಗೆಯಾಗುತ್ತದೆ. ಎದುರಾಳಿಯ ಸೊಂಟ ಯಾವಾಗ ಸಡಿಲವಾಯಿತು ಎಂದು ತಿಳಿಯುವುದು ಬುದ್ಧಿ, ನಿಜ. ಆದರೆ ಆ ಕ್ಷಣ ಗೊತ್ತಾದರೂ ಕೈ ಹೋಗದಿರುವ ಸಾಧ್ಯತೆ ಇದ್ದಾಗಲೇ ಕಣದಲ್ಲಿ ಉಸಿರು ಬಿಗಿಯುವುದು. ಪೂರ್ತಿ ಸುತ್ತು ತಿರುಗಿಸುವವನನ್ನು ಎದುರಿಗಿದ್ದವನು ಕಡ್ಡಿಯ ಸದ್ದಿನಿಂದಲೇ ಗುರುತಿಸುತ್ತಿದ್ದ. ಪಕ್ಕದಲ್ಲಿ ಟಕಟಕ ಎಂದರೆ ಹಿಂದಕ್ಕೆ ನೆಗೆಯಬೇಕು. ಆ ಸದ್ದು ಈಗ ಇಲ್ಲ.

ಹಾವೇರಿ ಏಲಕ್ಕಿ

ಅಣ್ಣಾರ, ನಾನು ನಿಮಗಿಂತ ಬಹಳ ಸಣ್ಣವನು, ತಪ್ಪು ತಿಳಿಯಬೇಡಿ. ನನಗೆ ಈ ಆಟ ಸಿಕ್ಕಿದ್ದು ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರದಲ್ಲಿ, 2017ರ ಅಲ್ಟ್ರಾ ಸ್ಟ್ರೀಟ್ ಫೈಟರ್ 2 ಎಂಬ ರೂಪದಲ್ಲಿ. ಅದರಲ್ಲಿ ಉಡಾನ್‌ನವರ ಅದೇ ಚಿತ್ರಗಳಿವೆ. ಬೇಡವೆಂದರೆ ಹಳೆಯ ಬಿಂದುಚಿತ್ರಕ್ಕೆ ಬದಲಿಸಬಹುದು, ಚಿತ್ರ ಹಳೆಯದು ಸಂಗೀತ ಹೊಸದು ಎಂದೂ ಆರಿಸಬಹುದು. ನಾನು ಎರಡು ದಿನ ಹೊಸ ಚಿತ್ರದಲ್ಲಿ ಆಡಿ, ಆಮೇಲೆ ಹಳೆಯದಕ್ಕೆ ಬಂದವನು ಹಿಂದಿರುಗಿ ನೋಡಿಲ್ಲ. ನನಗೆ ಹಳೆಯ ಕಾಲದ ನೆನಪೇ ಇಲ್ಲ ಎಂದ ಮೇಲೆ ಇದನ್ನು ಮೋಹ ಎನ್ನುವಂತಿಲ್ಲ.

ಆದರೆ ಪಟ್ಟು ಸುಲಭವಾದದ್ದರಲ್ಲಿ ತಪ್ಪೇನು ಎಂಬುದು ನನಗೆ ಅರ್ಥವಾಗಲಿಲ್ಲ. ಒಂದು ಬೇಸಿಗೆ ರಜೆ ಪೂರ್ತಿ ಕಡ್ಡಿ ತಿರುಗಿಸಲು ನಮ್ಮ ಓರಗೆಯವರಿಗೆ ಸಮಯವೆಲ್ಲಿದೆ?

ಸೋಲ್ಡರ್ ಕಾಕಾ (ಹುಬ್ಬಳ್ಳಿ)

ಎಲ್ಲರೂ ಹಳೆಯದು, ಹಳೆಯದು ಎನ್ನುತ್ತಿದ್ದೀರಿ. ಮೂವತ್ತು ವರ್ಷ ಟಿವಿ ಮತ್ತು ಗೇಮ್ ಪೆಟ್ಟಿಗೆಗಳನ್ನು ರಿಪೇರಿ ಮಾಡಿದವನಾಗಿ ಒಂದು ಕಹಿ ಮಾತು ಹೇಳಬೇಕಾಗಿದೆ. ದುರ್ಗದಬೈಲಿನ ಸುತ್ತಮುತ್ತ, ಸ್ಟೇಷನ್ ರಸ್ತೆಯಲ್ಲಿ, ಜಾತ್ರೆಯ ತಗಡಿನ ಅಂಗಡಿಗಳಲ್ಲಿ ನೀವು ಆಡಿದ್ದು 1994ರ ಈ ಆಟವಾಗಿರುವ ಸಂಭವ ತೀರಾ ಕಡಿಮೆ.

ಟರ್ಬೊ ಓಡುತ್ತಿದ್ದದ್ದು ಸಿಪಿಎಸ್-2 ಎಂಬ ಕ್ಯಾಪ್ಕಾಮ್‌ನ ಬೋರ್ಡಿನ ಮೇಲೆ. ನಕಲು ತಡೆಯುವುದಕ್ಕಾಗಿ ಅದರ ಪ್ರೋಗ್ರಾಂಗೆ ಬೀಗ ಹಾಕಿ, ಬೀಗದ ಕೈಯನ್ನು ಒಂದು ಚಿಕ್ಕ ಬ್ಯಾಟರಿಯಿಂದ ಜೀವ ಹಿಡಿದಿರುವ ಮೆಮೊರಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತರೆ ಬೋರ್ಡೂ ಸತ್ತಂತೆ. ನನ್ನ ಮೇಜಿಗೆ ಬಂದವುಗಳಲ್ಲಿ ಹೆಚ್ಚಿನವು ಅದಕ್ಕೂ ಹಿಂದಿನ ಸಿಪಿಎಸ್-1ರ ನಕಲಿ ಬೋರ್ಡುಗಳು, ಅಂದರೆ ಚಾಂಪಿಯನ್ ಎಡಿಷನ್‌ನ ತಿದ್ದಿದ ಪ್ರತಿಗಳು. ರಿಯು ಗಾಳಿಯಲ್ಲಿದ್ದಾಗಲೇ ಬೆಂಕಿಚೆಂಡು ಒಗೆಯುತ್ತಿದ್ದನಲ್ಲ, ಸ್ಟಾರ್ಟ್ ಒತ್ತಿದರೆ ಹೊಡೆದಾಟದ ನಡುವೆಯೇ ಆಳು ಬದಲಾಗುತ್ತಿತ್ತಲ್ಲ, ನೆನಪಿದೆಯೇ? ಅದು ಕ್ಯಾಪ್ಕಾಮ್‌ನ ಕೆಲಸವಲ್ಲ. ಹೊರಗಿನವರು ತಿದ್ದಿದ ರೇನ್‌ಬೋ ಎಡಿಷನ್ ಎಂಬ ಪ್ರತಿ ಅದು. ತಮಾಷೆ ಏನೆಂದರೆ, ಇಂಥ ನಕಲಿಗಳ ಹಾವಳಿಯನ್ನು ಕಂಡೇ ಕಂಪನಿಯವರು ವೇಗ ಹೆಚ್ಚಿಸಿ ಹೈಪರ್ ಫೈಟಿಂಗ್ ಹೊರತಂದರು. ಚುನ್ ಲೀಗೆ ಬೆಂಕಿಚೆಂಡು, ರಿಯು ಮತ್ತು ಕೆನ್‌ಗೆ ಗಾಳಿಯಲ್ಲಿ ಗಿರಕಿ ಒದೆತ ಸಿಕ್ಕಿದ್ದು ಆಗಲೇ. ಎಂದರೆ ಮೂಲವೇ ನಕಲನ್ನು ನೋಡಿ ತಿದ್ದಿಕೊಂಡಿತು.

ಮೇಲಾಗಿ ಪೆಟ್ಟಿಗೆಗಳ ಸ್ಥಿತಿ. ಆಟಕ್ಕೆ ಮೂರು ಗುದ್ದು, ಮೂರು ಒದೆತ, ಒಟ್ಟು ಆರು ಬಟನ್ ಬೇಕು. ನಾನು ನೋಡುತ್ತಿದ್ದ ಒಂದು ಅಂಗಡಿಯಲ್ಲಿ ನಡುವಿನ ಒದೆತದ ಬಟನ್ ಎರಡು ವರ್ಷ ಸತ್ತೇ ಇತ್ತು, ಮಾಲೀಕರು ಹದಿನೈದು ರೂಪಾಯಿ ಖರ್ಚು ಮಾಡಲಿಲ್ಲ. ಆ ಓಣಿಯ ಹುಡುಗರೆಲ್ಲ ಆ ಒದೆತವಿಲ್ಲದೆಯೇ ಆಡಲು ಕಲಿತರು. ಅವರ ಪಾಲಿನ ಹಳೆಯ ಆಟ ಅದು.

ಕೊಪ್ಪಿಕರ ರಸ್ತೆ (ಹುಬ್ಬಳ್ಳಿ)

ಕಾಕಾ, ನೀವು ನನ್ನ ಬಾಲ್ಯವನ್ನೇ ನಕಲಿ ಎಂದಿರಿ! ಗಾಳಿಯಲ್ಲಿ ಬೆಂಕಿಚೆಂಡು ಒಗೆಯುವ ರಿಯುವನ್ನು ನಾನು ಕಣ್ಣಾರೆ ಕಂಡಿದ್ದೇನೆ. 30ನೇ ವಾರ್ಷಿಕೋತ್ಸವದ ಸಂಗ್ರಹದಲ್ಲಿ ಅದು ಸಿಗದಿದ್ದಾಗ ನನ್ನ ನೆನಪೇ ಕೆಟ್ಟಿದೆ ಎಂದುಕೊಂಡಿದ್ದೆ.

ಹಾಗಾದರೆ ನಾನು ನನ್ನ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. ಈ ಎರಡು ವಾರ ನಾನು ಹೋಲಿಸಿದ್ದು ನನ್ನ ಬಾಲ್ಯದ ಆಟವನ್ನು ಹೊಸದರೊಂದಿಗೆ ಅಲ್ಲ. ನನಗೆ ಎರಡೂ ಹೊಸವೇ ಆಗಿದ್ದವು. ಆದರೂ ಒಂದು ಹಿತವಾಗಿ, ಇನ್ನೊಂದು ಹಿತವಾಗಲಿಲ್ಲ. ಏಲಕ್ಕಿಯವರ ಅನುಭವವೂ ಹಾಗೆಯೇ ಇದೆ ಎಂದ ಮೇಲೆ ಸಪ್ತಾಪುರದವರ ಚಿತ್ರದ ವಾದಕ್ಕೆ ಬಲ ಬಂದಿತು. ಕೈಯ ವಾದಕ್ಕೆ ಏನನ್ನಬೇಕೆಂದು ಇನ್ನೂ ತಿಳಿಯುತ್ತಿಲ್ಲ.

ಸಪ್ತಾಪುರ ಬಾವಿ (ಧಾರವಾಡ)

ಕೈಯ ವಾದಕ್ಕೆ ನಾನು ಉತ್ತರ ಕೊಡುತ್ತೇನೆ, ಮತ್ತು ಅದು ಜಾಂಗೀಫ್ ಅವರಿಗೆ ರುಚಿಸಲಿಕ್ಕಿಲ್ಲ.

ನೀವೆಲ್ಲ ಹೇಳುತ್ತಿರುವ ಆ ಅಂಗಡಿಗಳಿಗೆ ನಾನು ಒಮ್ಮೆಯೂ ಕಾಲಿಟ್ಟಿಲ್ಲ. ಸುಭಾಷ್ ರಸ್ತೆಯಲ್ಲಿ ನನ್ನ ತಮ್ಮ ಒಳಗೆ ಆಡುತ್ತಿದ್ದರೆ ನಾನು ಹೊರಗೆ ಅವನ ಪಾಟಿಚೀಲ ಹಿಡಿದು ನಿಲ್ಲುತ್ತಿದ್ದೆ. ಹುಡುಗಿಯರು ಒಳಗೆ ಹೋಗುವ ಜಾಗ ಅದಾಗಿರಲಿಲ್ಲ. ನಾನು ಈ ಆಟವನ್ನು ಕಲಿತದ್ದು ಮೂವತ್ತು ದಾಟಿದ ಮೇಲೆ, ಅದೇ ತಮ್ಮ ಕೊಟ್ಟ ಪ್ಲೇಸ್ಟೇಷನ್ 3ರಲ್ಲಿ, ಎಚ್‌ಡಿ ರೀಮಿಕ್ಸ್‌ನಿಂದಲೇ. ಅದರ ಅಭ್ಯಾಸದ ವಿಭಾಗದಲ್ಲಿ ಆ ಕಾಣದ ಆಯತಗಳನ್ನು ಬಣ್ಣದಲ್ಲಿ ತೋರಿಸುವ ಅನುಕೂಲವಿದೆ. ಸುಮೊ ಪಟು ಹೋಂಡಾನ ಕೈ ಎಲ್ಲಿಯವರೆಗೆ ತಾಗುತ್ತದೆ, ಚುನ್ ಲೀ ಎಲ್ಲಿ ನಿಂತರೆ ಕ್ಷೇಮ ಎಂಬುದನ್ನು ಬಲ್ಲವರು ವರ್ಷಗಟ್ಟಲೆ ಸೋತು ಕಂಡುಕೊಂಡಿದ್ದರು. ನಾನು ಒಂದು ಭಾನುವಾರದಲ್ಲಿ ಕಂಡುಕೊಂಡೆ. ಸುಲಭವಾದ ಸುತ್ತು ಇಲ್ಲದಿದ್ದರೆ ನಾನು ಜಾಂಗೀಫ್‌ನನ್ನು ಆರಿಸುತ್ತಲೇ ಇರಲಿಲ್ಲ, ಅವನ ವಿರುದ್ಧ ಹೇಗೆ ಆಡಬೇಕೆಂಬುದೂ ತಿಳಿಯುತ್ತಿರಲಿಲ್ಲ. ಬಾಗಿಲು ತೆರೆದದ್ದನ್ನು ಮನೆ ಕೆಡವಿದಂತೆ ಹೇಳಬೇಡಿ. ಹಳೆಯ ಹೊಂದಾಣಿಕೆ ಬೇಕೆಂದವರಿಗೆ ಅದೇ ಆಟದೊಳಗೆ ಹಳೆಯ ಕ್ರಮವನ್ನೂ ಉಳಿಸಿದ್ದಾರೆ.

ಧಾಲ್ಸಿಮ್‌ನ ಮಾತು. ಹಳೆಯ ಚಿತ್ರದಲ್ಲಿ ಅವನ ಮುಖ ನಾಲ್ಕು ಕಂದು ಬಿಂದುಗಳು, ಏನು ಬೇಕಾದರೂ ಅಂದುಕೊಳ್ಳಬಹುದಿತ್ತು. ಹೊಸದರಲ್ಲಿ ಕೊರಳ ತಲೆಬುರುಡೆಗಳು, ಬತ್ತಿದ ಪಕ್ಕೆಲುಬು, ಹಿಂದೆ ನಿಂತ ಆನೆಗಳು ಎಲ್ಲವೂ ನಿಚ್ಚಳ. ಆ ಬುರುಡೆಗಳು ಊರಿನಲ್ಲಿ ಪಿಡುಗಿಗೆ ಸತ್ತ ಮಕ್ಕಳವು ಎಂಬುದು ಆಟದವರು ಹೆಣೆದ ಕತೆ. ಕೈಕಾಲು ರಬ್ಬರಿನಂತೆ ಉದ್ದವಾಗಿ ಬಾಯಲ್ಲಿ ಬೆಂಕಿ ಉಗುಳುವವನನ್ನು ಯೋಗಿ ಎಂದು ತೋರಿಸುವ ಕಲ್ಪನೆ ಮಸುಕಿನಲ್ಲಿ ನಗೆ ಬರಿಸುತ್ತಿತ್ತು, ಸ್ಪಷ್ಟತೆಯಲ್ಲಿ ಮುಜುಗರ ತರಿಸುತ್ತದೆ. ಮರುಚಿತ್ರಣ ಮಾಡುವಾಗ ಮೂಲದ ಕೊಳೆಯನ್ನೂ ಹೀಗೆ ತೊಳೆದು ಮೆರುಗು ಕೊಟ್ಟು ಮುಂದಿಡುತ್ತಾರೆ.

ಗದಗಿನ ಜಾಂಗೀಫ್

ಅಕ್ಕಾ ಅವರ ಮಾತಿಗೆ ತಲೆಬಾಗುತ್ತೇನೆ. ಹೊರಗೆ ಪಾಟಿಚೀಲ ಹಿಡಿದು ನಿಂತವರ ವಿಚಾರ ನಾನು ಯೋಚಿಸಿಯೇ ಇರಲಿಲ್ಲ.

ಆದರೂ ಒಂದು ಅಂಶದಲ್ಲಿ ಹಟ ಬಿಡಲಾರೆ. ಯಾವುದು ತಪ್ಪು, ಯಾವುದು ಆಟ ಎಂದು ತೀರ್ಮಾನಿಸುವವರು ಯಾರು? 1991ರ ಆಟ ತಯಾರಾಗುತ್ತಿದ್ದಾಗ, ಕಾರನ್ನು ಗುದ್ದಿ ಪುಡಿಮಾಡುವ ಬೋನಸ್ ಸುತ್ತನ್ನು ಪರೀಕ್ಷಿಸುತ್ತಿದ್ದ ನೊರಿತಾಕಾ ಫುನಾಮಿಜು ಅವರಿಗೆ, ಒಂದು ಗುದ್ದು ಮುಗಿಯುವ ಮೊದಲೇ ಇನ್ನೊಂದನ್ನು ಸೇರಿಸಬಹುದೆಂಬುದು ಕಂಡಿತು. ಯಾರೂ ಉದ್ದೇಶಿಸಿದ್ದಲ್ಲ. ಬಹಳ ಕಷ್ಟ, ಹೆಚ್ಚಿನವರಿಗೆ ಸಿಗಲಿಕ್ಕಿಲ್ಲ ಎಂದು ಅದನ್ನು ಹಾಗೆಯೇ ಬಿಟ್ಟರು. ಅದೇ ಕಾಂಬೊ. ಇಂದು ಕಾಂಬೊ ಇಲ್ಲದ ಹೊಡೆದಾಟದ ಆಟವನ್ನು ಹುಡುಕಿದರೂ ಸಿಗುವುದು ಅಪರೂಪ. ಅಂದು ಯಾರಾದರೂ ಶಿಸ್ತಿನಿಂದ ಆ ತಪ್ಪನ್ನು ತಿದ್ದಿದ್ದರೆ? ಅಥವಾ ಸುಲಭಗೊಳಿಸಿದ್ದರೆ?

ಎಚ್‌ಡಿ ರೀಮಿಕ್ಸ್‌ನ ತಿದ್ದುಪಡಿಗಳೂ ಹೀಗೆಯೇ ಕಲಸಿಕೊಂಡಿವೆ. ಹೋಂಡಾನ ಹಗುರ ಗುದ್ದಿನ ತಲೆಡಿಕ್ಕಿ ಈಗ ಬೆಂಕಿಚೆಂಡನ್ನು ಅಳಿಸುತ್ತದೆ, ಇದು ನ್ಯಾಯ. ಹಳೆಯದರಲ್ಲಿ ಅವನು ಮೂಲೆಯಲ್ಲಿ ಕೂತು ಹೊಡೆತ ತಿನ್ನುವುದೇ ಹಣೆಬರಹವಾಗಿತ್ತು. ರಿಯುವಿಗೆ ಚೆಂಡು ಒಗೆದಂತೆ ನಟಿಸುವ ಹುಸಿ ಚೆಂಡು ಕೊಟ್ಟರು, ಇದು ಸೊಗಸು, ಎದುರಾಳಿ ನೆಗೆದು ಬಂದು ಬಲೆಗೆ ಬೀಳುತ್ತಾನೆ. ಆದರೆ ಅಕುಮಾನನ್ನು ಪಳಗಿಸಿದ್ದೇವೆ ಎಂದವರು ಪಳಗಿಸಲಿಲ್ಲ. 1994ರಲ್ಲಿ ಪಂದ್ಯಗಳಿಂದ ಹೊರಗಿಟ್ಟಿದ್ದವನನ್ನು ಇದರಲ್ಲಿಯೂ ಹೊರಗಿಡಬೇಕಾಯಿತು.

ಸೋಲ್ಡರ್ ಕಾಕಾ (ಹುಬ್ಬಳ್ಳಿ)

ಚರ್ಚೆ ಪಟ್ಟುಗಳ ಕಡೆ ಹೊರಳಿತು, ನಾನು ಪರದೆಯ ವಿಷಯ ಹೇಳುವುದು ಬಾಕಿ ಇತ್ತು. 384ಕ್ಕೆ 224 ಎಂಬ ಲೆಕ್ಕವನ್ನು ಚೌಕ ಬಿಂದುಗಳಂತೆ ಚಪ್ಪಟೆ ಟಿವಿಯಲ್ಲಿ ಹರಡಿದರೆ ಆಳುಗಳೆಲ್ಲ ದಪ್ಪಗಾಗುತ್ತಾರೆ. ಕೊಳವೆ ಟಿವಿ ಅದನ್ನು 4ಕ್ಕೆ 3ರ ಅಳತೆಗೆ ಹಿಂಡುತ್ತಿತ್ತು, ಕಲಾವಿದರು ಬರೆದದ್ದೂ ಆ ಹಿಂಡುವಿಕೆಯನ್ನು ಲೆಕ್ಕದಲ್ಲಿಟ್ಟುಕೊಂಡೇ. ಸಂಗ್ರಹದ ಆಟವಾಡುವವರು ಸೆಟ್ಟಿಂಗ್‌ನಲ್ಲಿ ಪೂರ್ತಿ ಪರದೆ ಎಂದು ಹಿಗ್ಗಿಸಿದ್ದರೆ ಮೊದಲು ಅದನ್ನು ಬಿಡಿ.

ಇನ್ನು ವಿಳಂಬ. ಆಟ ಸೆಕೆಂಡಿಗೆ ಸುಮಾರು 60 ಚಿತ್ರ ತೋರಿಸುತ್ತದೆ, ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು. ಕೊಳವೆ ಟಿವಿ ಬಂದ ಸಂಕೇತವನ್ನು ಬಂದ ಹಾಗೆ ಗೆರೆಗೆರೆಯಾಗಿ ಬರೆಯುತ್ತದೆ, ಚಪ್ಪಟೆ ಟಿವಿ ಹಿಡಿದಿಟ್ಟು, ತೊಳೆದು, ಹಿಗ್ಗಿಸಿ ತೋರಿಸುತ್ತದೆ. ನಾಲ್ಕು ಚಿತ್ರದಷ್ಟು ತಡವಾದರೂ ಜಾಂಗೀಫ್ ಅವರ ಆ ಕೂದಲೆಳೆಯ ಹೊತ್ತು ಮುಗಿದೇ ಹೋಗಿರುತ್ತದೆ. ಆದ್ದರಿಂದ ಪಟ್ಟು ಸುಲಭಗೊಳಿಸಿದ್ದನ್ನು ನಾನು ದಯೆ ಎನ್ನುವುದಿಲ್ಲ. ಹೊಸ ಟಿವಿ ಕಸಿದುಕೊಂಡದ್ದನ್ನು ಹಿಂದಕ್ಕೆ ಕೊಟ್ಟ ಲೆಕ್ಕ ಅದು. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಹಾಕಿಕೊಳ್ಳಿ.

ಹಾವೇರಿ ಏಲಕ್ಕಿ

ಕಾಕಾ ಅವರ ಮಾತಿಗೆ ಇಂಟರ್ನೆಟ್‌ನ ವಿಳಂಬವನ್ನೂ ಸೇರಿಸಬೇಕು. ಹಾವೇರಿಯಿಂದ ಹುಬ್ಬಳ್ಳಿಗೆ ಆಡುವಾಗಲೂ ನನ್ನ ಒತ್ತು ಅಲ್ಲಿಗೆ ತಲುಪಲು ಹೊತ್ತು ಹಿಡಿಯುತ್ತದೆ. ಇಂಟರ್ನೆಟ್ ಆಟದ ಹಳೆಯ ಪದ್ಧತಿಯಲ್ಲಿ ಎದುರಾಳಿಯ ಒತ್ತು ಬರುವವರೆಗೆ ಎರಡೂ ಕಡೆ ಆಟ ಕಾಯುತ್ತದೆ, ಕೈಯೆಲ್ಲ ಜೇಡಿಮಣ್ಣಿನಲ್ಲಿ ಅದ್ದಿದಂತೆ. ಟೋನಿ ಕ್ಯಾನನ್ ರೂಪಿಸಿದ ಜಿಜಿಪಿಒ ಎಂಬ ಉಪಾಯದಲ್ಲಿ ಆಟ ಕಾಯುವುದಿಲ್ಲ. ಎದುರಾಳಿ ಈಗ ಮಾಡುತ್ತಿರುವುದನ್ನೇ ಮುಂದುವರಿಸುತ್ತಾನೆ ಎಂದು ಊಹಿಸಿ ಸಾಗುತ್ತದೆ, ಊಹೆ ತಪ್ಪಿದರೆ ಕೆಲವು ಚಿತ್ರ ಹಿಂದೆ ಹೋಗಿ ಕಣ್ಣಿಗೆ ಕಾಣದಷ್ಟು ಬೇಗ ಮತ್ತೆ ಲೆಕ್ಕ ಹಾಕುತ್ತದೆ. ಎಚ್‌ಡಿ ರೀಮಿಕ್ಸ್ 2008ರಲ್ಲಿಯೇ ಅದೇ ಬಗೆಯ ಕ್ರಮವನ್ನು ಅಳವಡಿಸಿಕೊಂಡಿತ್ತು. ಇಷ್ಟು ಒಳ್ಳೆಯ ಕೆಲಸ ಮಾಡಿಯೂ ಅದನ್ನು ಕಂಪ್ಯೂಟರಿಗೆ ತರಲೇ ಇಲ್ಲ ಎಂಬುದು ನನ್ನ ದೂರು.

ಸಂಗೀತದ ಬಗ್ಗೆ ಯಾರೂ ಮಾತಾಡಲಿಲ್ಲ. ಯೋಕೊ ಶಿಮೊಮುರಾ ಅವರ ಮೂಲ ರಾಗಗಳನ್ನು ಓವರ್‌ಕ್ಲಾಕ್ಡ್ ರೀಮಿಕ್ಸ್ ಎಂಬ ಅಭಿಮಾನಿಗಳ ಬಳಗಕ್ಕೆ ಕೊಟ್ಟು ಹೊಸದಾಗಿ ಮಾಡಿಸಿದ್ದಾರೆ. ಗೈಲ್‌ನ ರಾಗ ನನಗೆ ಹಳೆಯದೇ ಇಷ್ಟ, ಉಳಿದವು ಹೊಸವು.

ಕೊಪ್ಪಿಕರ ರಸ್ತೆ (ಹುಬ್ಬಳ್ಳಿ)

ನಿನ್ನೆ ಭಾನುವಾರ ಕಾಕಾ ಅವರ ಅಂಗಡಿಯಲ್ಲಿ ಗುಜರಿಗೆ ಹೋಗಬೇಕಿದ್ದ 21 ಇಂಚಿನ ಕೊಳವೆ ಟಿವಿಗೆ ನನ್ನ ಪ್ಲೇಸ್ಟೇಷನ್ 3 ಅನ್ನು ಹಳದಿ, ಕೆಂಪು, ಬಿಳಿ ತಂತಿಗಳಿಂದ ಜೋಡಿಸಿದೆವು. ಗದಗಿನಿಂದ ಜಾಂಗೀಫ್ ಅವರು ಬಸ್ಸು ಹಿಡಿದು ಬಂದಿದ್ದರು, ಸಪ್ತಾಪುರದವರು ತಮ್ಮನೊಂದಿಗೆ ಬಂದಿದ್ದರು.

ಎಚ್‌ಡಿ ರೀಮಿಕ್ಸ್‌ನ ಅಕ್ಷರಗಳು ಆ ಟಿವಿಯಲ್ಲಿ ಓದಲು ಬರಲಿಲ್ಲ, ಮೆನುವನ್ನು ಅಂದಾಜಿನಿಂದ ದಾಟಿದೆವು. ಆದರೆ ಹೊಡೆದಾಟ ಶುರುವಾದ ಮೇಲೆ ನಾನು ನಿರೀಕ್ಷಿಸದ ಸಂಗತಿ ನಡೆಯಿತು: ಉಡಾನ್‌ನವರ ಚೊಕ್ಕಟ ರೇಖೆಗಳೆಲ್ಲ ಕೊಳವೆಯ ಮಸುಕಿನಲ್ಲಿ ಕರಗಿ, ಆ ಭಂಗಿಯಿಂದ ಭಂಗಿಗೆ ನೆಗೆಯುವ ಜಿಗಿತ ಕಾಣದಾಯಿತು. ನನ್ನ ಕಸಿವಿಸಿ ಅಲ್ಲಿಗೆ ಮುಗಿಯಿತು. ಜಾಂಗೀಫ್ ಅವರು ಹಳೆಯ ಕ್ರಮವನ್ನು ಆರಿಸಿ ಪೂರ್ತಿ ಸುತ್ತಿನ ಪಟ್ಟನ್ನು ಒಂದರ ಮೇಲೊಂದರಂತೆ ಹಾಕಿದರು, ತಮ್ಮ ಮನೆಯ ಚಪ್ಪಟೆ ಟಿವಿಯಲ್ಲಿ ಇಷ್ಟು ಸಲೀಸಾಗಿ ಬೀಳುವುದಿಲ್ಲ ಎಂದರು. ಆಮೇಲೆ ಸಪ್ತಾಪುರದವರು ಹೊಸ ಕ್ರಮದ ಜಾಂಗೀಫ್‌ನನ್ನು ಹಿಡಿದು ಅವರನ್ನು ಸತತ ಮೂರು ಆಟ ಸೋಲಿಸಿದರು. ಕಡ್ಡಿಯ ಸದ್ದು ಕೇಳಲಿಲ್ಲ ಎಂಬುದು ಸೋತವರ ನೆಪ.

ಮುಂದಿನ ಭಾನುವಾರ ಏಲಕ್ಕಿಯವರು ಸ್ವಿಚ್ ತರುವುದಾದರೆ ಅದನ್ನೂ ಅದೇ ಟಿವಿಗೆ ಜೋಡಿಸಿ ನೋಡೋಣ. ಎಚ್‌ಡಿಎಂಐ ಸಂಕೇತವನ್ನು ಹಳೆಯ ತಂತಿಗೆ ಬದಲಿಸುವ ಡಬ್ಬಿ ಬೇಕು ಎಂದು ಕಾಕಾ ಹೇಳಿದ್ದಾರೆ. ಆ ಡಬ್ಬಿಯೇ ಎಷ್ಟು ವಿಳಂಬ ಸೇರಿಸುತ್ತದೆ ಎಂಬುದನ್ನು ಮೊದಲು ಅಳೆಯಬೇಕು.